ಮೊದಲ ಕೊಂಬು ಯಾರ ಕಥೆ ಹೇಳುತ್ತೆ?

ಪುಣೆ, ಹೈದರಾಬಾದ್, ಆಸ್ಟಿನ್, ನ್ಯೂಜೆರ್ಸಿ ಅಂತ ಚಾಟ್‌ನಲ್ಲಿ ಊರಿನ ಹೆಸರುಗಳು ಬರ್ತಾ ಇವೆ, ಸಂತೋಷ. ನಾನು ಮುಂಬೈನ ದಹಿಸರ್‌ನಿಂದ ಮಾತಾಡ್ತಾ ಇದ್ದೀನಿ. ಹೊಟ್ಟೆಪಾಡಿಗೆ ಮಲಾಡ್ ಕಡೆ ಒಂದು ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳೋದು, ಭಾನುವಾರ ಬೆಳಿಗ್ಗೆ ಜಿಂಕೆ ನೋಡೋದು. ಪ್ರಾಣಿಶಾಸ್ತ್ರದ ಡಿಗ್ರಿ ಇಲ್ಲ. ಹಾಗಾಗಿ ಇವತ್ತು ಹೇಳೋದರಲ್ಲಿ ವಿಜ್ಞಾನದ ಭಾಗ ಓದಿ ತಿಳಿದದ್ದು, ಉಳಿದದ್ದು ಕಣ್ಣಾರೆ ಕಂಡದ್ದು.

ನಮ್ಮಲ್ಲಿ ಒಂದು ಮಾತಿದೆಯಲ್ಲ, "ಅವನಿಗೇನು ಎರಡು ಕೊಂಬು ಬಂದಿದೆಯಾ?" ಅಂತ. ಇವತ್ತಿನ ವಿಷಯ ನಿಜವಾಗಿಯೂ ಎರಡು ಕೊಂಬು ಬಂದವನದ್ದು. ಅದೂ ಮೊಟ್ಟಮೊದಲ ಸಲ. ಗಂಡು ಜಿಂಕೆಮರಿಗೆ ಮೊದಲ ಕೊಂಬು ಹೇಗೆ ಬರುತ್ತೆ, ಅದನ್ನು ನೋಡಿ ನಾವು ಏನು ಹೇಳಬಹುದು, ಏನು ಹೇಳಬಾರದು. ಇಷ್ಟೇ ವಿಷಯ.

ಮೊದಲು ಜಾಗದ ಬಗ್ಗೆ ಎರಡು ಮಾತು. ದಹಿಸರ್ ಪೂರ್ವದಿಂದ ಅಂಧೇರಿಗೆ ಹೋಗುವ ಮೆಟ್ರೋ ಹತ್ತಿದರೆ ಎರಡನೇ ಸ್ಟೇಷನ್ನಿನ ಹೆಸರೇ 'ರಾಷ್ಟ್ರೀಯ ಉದ್ಯಾನ್'. ಎಡಗಡೆ ಕಿಟಕಿಯಲ್ಲಿ ಕಟ್ಟಡಗಳ ಹಿಂದೆ ಹಸಿರು ಗುಡ್ಡ ಕಾಣುತ್ತಲ್ಲ, ಅದೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಸುಮಾರು 104 ಚದರ ಕಿಲೋಮೀಟರ್ ಕಾಡು, ಇಂಥ ಊರಿನ ಒಳಗೆ. ನಮ್ಮ ಏರಿಯಾದಲ್ಲಿ ಹರಿಯೋ ದಹಿಸರ್ ನದಿ ಹುಟ್ಟೋದೂ ಅಲ್ಲೇ, ತುಳಸಿ ಕೆರೆಯ ಹತ್ತಿರ. ನಮ್ಮ ಬಿಲ್ಡಿಂಗ್ ಪಕ್ಕಕ್ಕೆ ಬರುವ ಹೊತ್ತಿಗೆ ಅದನ್ನು ನದಿ ಅನ್ನೋಕೆ ಧೈರ್ಯ ಬೇಕು, ಆ ವಿಷಯ ಬೇರೆ. ಈ ಕಾಡಿನಲ್ಲಿ ಚಿರತೆ ಇದೆ ಅನ್ನೋದು ಟಿವಿ ದಯೆಯಿಂದ ಎಲ್ಲರಿಗೂ ಗೊತ್ತು. ಆ ಚಿರತೆಗಳ ಊಟದ ತಟ್ಟೆಯಲ್ಲಿ ಮುಖ್ಯವಾಗಿ ಇರುವ ಚುಕ್ಕೆ ಜಿಂಕೆ ಮತ್ತು ಕಡವೆ ಬಗ್ಗೆ ಯಾರೂ ನ್ಯೂಸ್ ಮಾಡೋದಿಲ್ಲ.

ಈಗ ಕೊಂಬಿಗೆ ಬರೋಣ. ಕನ್ನಡದಲ್ಲಿ ಹಸುವಿಗೂ ಕೊಂಬು, ಜಿಂಕೆಗೂ ಕೊಂಬು. ಆದರೆ ಎರಡೂ ಪೂರ್ತಿ ಬೇರೆ ವಸ್ತು. ಹಸು, ಮೇಕೆ, ನಮ್ಮ ರಾಣೇಬೆನ್ನೂರಿನ ಕೃಷ್ಣಮೃಗ, ಇವುಗಳ ಕೊಂಬು ಅಂದರೆ ಒಳಗೆ ಮೂಳೆ, ಹೊರಗೆ ನಮ್ಮ ಉಗುರಿನಂಥ ಪದಾರ್ಥದ ಕವಚ. ಬುಡದಿಂದ ಬೆಳೆಯುತ್ತೆ, ಬಂದರೆ ಬಂತು, ಸಾಯೋವರೆಗೂ ಇರುತ್ತೆ. ಚುಕ್ಕೆ ಜಿಂಕೆ, ಕಡವೆಗಳದ್ದು ಹಾಗಲ್ಲ. ಅದು ಇಡೀ ಮೂಳೆ. ಬೆಳೆಯೋದು ತುದಿಯಿಂದ, ಮರದ ಕೊಂಬೆ ಚಿಗುರಿದ ಹಾಗೆ. ಗಂಡಿಗೆ ಮಾತ್ರ. ಮತ್ತೆ ಉದುರಿ ಹೋಗುತ್ತೆ, ಮತ್ತೆ ಬರುತ್ತೆ. ಇದಕ್ಕೆ 'ಕವಲುಗೊಂಬು' ಅಂತ ಒಳ್ಳೆ ಪದ ಇದೆ. ಕೊಂಬು, ಕೊಂಬೆ ಎರಡೂ ಒಂದೇ ಬೇರಿನ ಪದಗಳು. ಜಿಂಕೆಯ ವಿಷಯದಲ್ಲಿ ಹಳಬರು ಸರಿಯಾಗೇ ನೋಡಿದ್ದಾರೆ ಅನ್ನಿಸುತ್ತೆ.

ಹುಟ್ಟಿದ ಮರಿಯ ತಲೆ ಮುಟ್ಟಿದರೆ ಏನೂ ಸಿಗೋದಿಲ್ಲ. ಆದರೆ ಹಣೆಯ ಮೂಳೆಯ ಮೇಲೆ ಎರಡು ಕಡೆ, ಮೂಳೆಗೆ ಅಂಟಿಕೊಂಡ ತೆಳು ಪೊರೆ ಇರುತ್ತೆ. ಆ ಪೊರೆಯಲ್ಲೇ ಇಡೀ ಕೊಂಬಿನ ಪ್ರೋಗ್ರಾಂ ಇದೆ. ಇದು ಉಪಮೆಗೆ ಹೇಳಿದ ಮಾತಲ್ಲ. 1974ರಲ್ಲಿ ಹಾರ್ಟ್‌ವಿಗ್ ಮತ್ತು ಶ್ರುಡ್ಡೆ ಅನ್ನುವ ಇಬ್ಬರು ಜರ್ಮನ್ ಸಂಶೋಧಕರು ಆ ಪೊರೆಯ ಚೂರನ್ನು ತೆಗೆದು ಜಿಂಕೆಯ ಮುಂಗಾಲಿಗೆ ಕಸಿ ಮಾಡಿದರು. ಕಾಲಿನ ಮೇಲೆ ಕೊಂಬು ಬಂತು! ಕೋಡ್ ಕಾಪಿ ಮಾಡಿ ಬೇರೆ ಸರ್ವರ್‌ನಲ್ಲಿ ಓಡಿಸಿದ ಹಾಗೆ. ಪಾಪದ ಜಿಂಕೆ, ಬಿಡಿ.

ಪ್ರೋಗ್ರಾಂ ಇದ್ದರೆ ಸಾಲದು, ಯಾರಾದರೂ ರನ್ ಮಾಡಬೇಕಲ್ಲ. ಅದನ್ನು ಮಾಡೋದು ಟೆಸ್ಟೋಸ್ಟೆರಾನ್. ಮರಿ ಪ್ರಾಯಕ್ಕೆ ಬರುವಾಗ ಈ ಹಾರ್ಮೋನ್ ಏರುತ್ತೆ, ಆಗ ಹಣೆಯ ಆ ಎರಡು ಜಾಗದಲ್ಲಿ ಮೂಳೆ ಉಬ್ಬಿ ಚಿಕ್ಕ ಕಂಬದ ಹಾಗೆ ಮೇಲೇಳುತ್ತೆ. ಪೆಡಿಕಲ್ ಅಂತಾರೆ, ನಾನು 'ಬುಡ' ಅಂತ ಕರೀತೀನಿ. ಈ ಬುಡದ ಮೇಲೆ ತಲೆಯ ಮಾಮೂಲಿ ಚರ್ಮ, ಮಾಮೂಲಿ ಕೂದಲು ಇರುತ್ತೆ. ದೂರದಿಂದ ನೋಡಿದರೆ ಎರಡು ಗಂಟು. ನ್ಯೂಜೆರ್ಸಿಯವರು ಮನೆ ಹಿಂದಿನ ಹುಲ್ಲಿನಲ್ಲಿ ಬಿಳಿಬಾಲದ ಜಿಂಕೆ ನೋಡಿರ್ತೀರಿ. ಅಲ್ಲಿ ಮೊದಲ ಶರತ್ಕಾಲಕ್ಕೇ ಗಂಡುಮರಿಗೆ ಈ ಗಂಟು ಕಾಣಿಸುತ್ತೆ. ಅಂಥವನಿಗೆ ಅಲ್ಲಿನವರು 'ಬಟನ್ ಬಕ್' ಅಂತಾರೆ, ಶರ್ಟಿನ ಗುಂಡಿ ಇದ್ದ ಹಾಗೆ ಅಂತ.

ಬುಡ ಸ್ವಲ್ಪ ಎತ್ತರಕ್ಕೆ ಬಂದ ಮೇಲೆ ತುದಿಯ ಚರ್ಮ ಬದಲಾಗುತ್ತೆ. ನುಣುಪಾಗಿ, ಹೊಳಪಾಗಿ, ಗಿಡ್ಡ ಕೂದಲಿನ ಮಖಮಲ್ಲಿನ ಹಾಗೆ. ನಿಜವಾದ ಕೊಂಬು ಶುರುವಾಗೋದು ಇಲ್ಲಿಂದ. ಆ ಮಖಮಲ್ಲಿನ ತುಂಬ ರಕ್ತನಾಳ, ನರ. ಮುಟ್ಟಿದರೆ ಬೆಚ್ಚಗಿರುತ್ತೆ, ಪೆಟ್ಟಾದರೆ ನೋವಾಗುತ್ತೆ, ರಕ್ತ ಬರುತ್ತೆ. ಒಳಗಿರೋದು ಇನ್ನೂ ಮೃದ್ವಸ್ಥಿ, ನಮ್ಮ ಕಿವಿಯ ಹಾಗೆ. ಕೆಳಗಿನಿಂದ ಸುಣ್ಣದ ಅಂಶ ತುಂಬ್ತಾ ಗಟ್ಟಿಯಾಗುತ್ತೆ, ಮೇಲೆ ತುದಿ ಬೆಳೀತಾ ಹೋಗುತ್ತೆ. ಈ ಸಮಯದಲ್ಲಿ ಗಂಡು ತಲೆಯನ್ನು ಬಹಳ ಜೋಪಾನವಾಗಿ ಇಟ್ಟುಕೊಳ್ಳುತ್ತೆ. ಜಗಳ ಬಂದರೆ ಕೊಂಬು ತಾಗಿಸೋದಿಲ್ಲ, ಹಿಂಗಾಲ ಮೇಲೆ ನಿಂತು ಮುಂಗಾಲಿನಿಂದ ಗುದ್ದಾಡುತ್ತೆ. ಆಮೇಲೆ ಟೆಸ್ಟೋಸ್ಟೆರಾನ್ ಇನ್ನೂ ಏರಿದಾಗ ರಕ್ತ ನಿಲ್ಲುತ್ತೆ, ಮಖಮಲ್ಲು ಒಣಗುತ್ತೆ, ಗಿಡಕ್ಕೆ ಉಜ್ಜಿ ಉಜ್ಜಿ ಕಿತ್ತು ಹಾಕುತ್ತೆ. ಕೊನೆಗೆ ಉಳಿಯೋದು ಗಟ್ಟಿ ಮೂಳೆ. ಹಾರ್ಮೋನ್ ಇಳಿದ ಮೇಲೆ ಒಂದು ದಿನ ಅದೂ ಕಳಚಿ ಬೀಳುತ್ತೆ.

ಚುಕ್ಕೆ ಜಿಂಕೆಯಲ್ಲಿ ಮೊದಲ ಕೊಂಬು ಸುಮಾರು ಒಂದು ವರ್ಷದ ಆಸುಪಾಸಿಗೆ ಶುರುವಾಗುತ್ತೆ. ಕವಲಿಲ್ಲ. ನೇರ ಎರಡು ಕಡ್ಡಿ. ಎರಡು ಸಾವಿರದ ಮುನ್ನೂರು ವರ್ಷದ ಹಿಂದೆ ಅರಿಸ್ಟಾಟಲ್ ಇದನ್ನು ಬರೆದಿಟ್ಟಿದ್ದಾನೆ: ಎರಡನೇ ವರ್ಷದ ಗಂಡು ಜಿಂಕೆಗೆ ಗೂಟದ ಹಾಗೆ ನೇರ ಕೊಂಬು ಬರುತ್ತೆ ಅಂತ. ಕೊಂಬು ಬರೋ ಮೊದಲೇ ಬೀಜ ಒಡೆದರೆ ಕೊಂಬು ಬರೋದೇ ಇಲ್ಲ ಅಂತಲೂ ಬರೆದಿದ್ದಾನೆ. ಹಾರ್ಮೋನ್ ಅನ್ನೋ ಪದ ಹುಟ್ಟೋಕೆ ಅಷ್ಟು ಶತಮಾನ ಮೊದಲು! ಅವನು ಗೂಟ ಅಂದದ್ದನ್ನು ನಾನು ಕನ್ನಡದಲ್ಲಿ 'ಮೊಳೆಗೊಂಬು' ಅಂತೀನಿ. ಗೋಡೆಗೆ ಹೊಡೆಯೋದೂ ಮೊಳೆ, ಬೀಜ ಒಡೆದು ಬರೋದೂ ಮೊಳೆ. ಎರಡೂ ಅರ್ಥ ಸರಿಹೋಗುತ್ತೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಸ್ವಲ್ಪ ಗಮನ ಕೊಡಿ. ಎರಡನೇ ಕೊಂಬಿನಿಂದ ಮುಂದೆ ಪ್ರತಿ ಸಲ ಆಗೋದು ಮರುಹುಟ್ಟು. ಹಳೇದು ಬಿದ್ದ ಗಾಯ ಮಾಯ್ತಾ ಅದೇ ಬುಡದಿಂದ ಹೊಸದು ಏಳುತ್ತೆ. ಸ್ತನಿಗಳಲ್ಲಿ ಇಡೀ ಅಂಗವೊಂದು ಹೀಗೆ ಮತ್ತೆ ಮತ್ತೆ ಪೂರ್ತಿ ಬೆಳೆಯೋದು ಇಲ್ಲಿ ಮಾತ್ರ. ಅದಕ್ಕೇ 2023ರಲ್ಲಿ ಚೀನಾದ ವಿಜ್ಞಾನಿಗಳು ಬೆಳೆಯುವ ಕೊಂಬಿನ ಜೀವಕೋಶಗಳನ್ನು ಇಲಿಯ ತಲೆಗೆ ಕಸಿ ಮಾಡಿ ಪುಟ್ಟ ಕೊಂಬಿನಂಥದ್ದನ್ನು ಬೆಳೆಸಿದಾಗ ಅದು 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಆದರೆ ಮೊದಲ ಕೊಂಬು ಮರುಹುಟ್ಟಲ್ಲ. ಅದು ಏನೂ ಇಲ್ಲದ ಕಡೆಯಿಂದ ಬರುತ್ತೆ, ಬುಡವನ್ನೂ ಅದೇ ವರ್ಷ ಕಟ್ಟಿಕೊಳ್ಳಬೇಕು. ಅದೇ ವರ್ಷ ಮೈಯೂ ಬೆಳೀಬೇಕು, ಕಾಲೆಲುಬು, ಬೆನ್ನೆಲುಬು ಎಲ್ಲ ಬೆಳೀಬೇಕು. ಜಿಂಕೆಯ ದೇಹ ಮೊದಲು ಮೈಗೆ ಕೊಡುತ್ತೆ, ಮಿಕ್ಕಿದ್ದು ಕೊಂಬಿಗೆ. ತಿಂಗಳ ಕೊನೆಯಲ್ಲಿ ಇಎಂಐ ಹೋಗಿ ಉಳಿದದ್ದು ಅಂತ ಇಟ್ಟುಕೊಳ್ಳಿ.

ಹಾಗಾದರೆ ಮೊಳೆಗೊಂಬು ಗಿಡ್ಡ ಇದ್ದರೆ ಏನರ್ಥ?

ಇದೇ ಪ್ರಶ್ನೆಗೆ ಅಮೆರಿಕದಲ್ಲಿ ದಶಕಗಟ್ಟಲೆ ಜಗಳ ನಡೆದಿದೆ, ಅದರಲ್ಲಿ ಲೆಕ್ಕವಿಲ್ಲದಷ್ಟು ಜಿಂಕೆಗಳ ಪ್ರಾಣವೂ ಹೋಗಿದೆ. ಬಿಳಿಬಾಲದ ಜಿಂಕೆಯಲ್ಲಿ ಒಂದೂವರೆ ವರ್ಷಕ್ಕೆ ಕೆಲವು ಗಂಡುಗಳಿಗೆ ಕವಲಿರುವ ಕೊಂಬು ಬರುತ್ತೆ, ಕೆಲವಕ್ಕೆ ಬರೀ ಮೊಳೆ. ಮೊಳೆಯವನಿಗೆ 'ಸ್ಪೈಕ್' ಅಂತ ಹೆಸರು. ಟೆಕ್ಸಾಸ್ ಸರ್ಕಾರದ ಕೆರ್ ವನ್ಯಜೀವಿ ಕೇಂದ್ರದಲ್ಲಿ 1970ರ ದಶಕದಿಂದ ದೊಡ್ಡಿಯಲ್ಲಿ ಜಿಂಕೆ ಸಾಕಿ ಅಧ್ಯಯನ ಮಾಡಿದರು. ಮೊದಲ ವರ್ಷ ಮೊಳೆ ಇದ್ದವನು ಮುಂದೆಯೂ ಸರಾಸರಿಯಲ್ಲಿ ಚಿಕ್ಕ ಕೊಂಬಿನವನೇ ಆಗ್ತಾನೆ, ಇದರಲ್ಲಿ ವಂಶದ ಪಾಲೂ ಇದೆ ಅನ್ನೋದು ಅವರ ತೀರ್ಮಾನ. ಬೇಟೆಗಾರರು ಅದನ್ನು ಸರಳ ಮಾಡಿಕೊಂಡರು: ಸ್ಪೈಕ್ ಕಂಡರೆ ಹೊಡಿ, ತಳಿ ಸುಧಾರಿಸುತ್ತೆ. ಆಮೇಲೆ ದಕ್ಷಿಣ ಟೆಕ್ಸಾಸಿನ ರಾಂಚ್‌ಗಳಲ್ಲಿ ಇನ್ನೊಂದು ಕೆಲಸ ನಡೀತು. ಬಯಲಲ್ಲೇ ಇದ್ದ ಒಂದೂವರೆ ವರ್ಷದವುಗಳನ್ನು ಹಿಡಿದು, ಕೊಂಬು ಅಳೆದು, ಗುರುತು ಹಾಕಿ ಬಿಟ್ಟು, ವರ್ಷಗಳ ಮೇಲೆ ಮತ್ತೆ ಹಿಡಿದು ಅಳೆದರು. ಪೂರ್ತಿ ಪ್ರಾಯಕ್ಕೆ ಬರೋ ಹೊತ್ತಿಗೆ ಮೊಳೆಯವನೂ ಕವಲಿನವನೂ ಹೆಚ್ಚುಕಮ್ಮಿ ಸಮ ಆಗಿದ್ದರು. ಮೊದಲನೇ ವರ್ಷದ ಅಪ್ರೈಸಲ್ ನೋಡಿ ಮನೆಗೆ ಕಳಿಸಿಬಿಟ್ಟಿದ್ದರೆ? ನಿಮ್ಮಲ್ಲಿ ಕೆಲವರಿಗೆ ಈ ಸಂಕಟ ಬೇಗ ಅರ್ಥವಾಗುತ್ತೆ ಅಂತ ನನಗೆ ಗೊತ್ತು, ಮುಂದೆ ಹೋಗೋಣ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಸೌತ್ ಡಕೋಟದ ಕೆಲಸ. ಕೆವಿನ್ ಮಾಂಟೀತ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ್ದು. ಆ ರಾಜ್ಯದ ಪಶ್ಚಿಮಕ್ಕೆ ಬ್ಲ್ಯಾಕ್ ಹಿಲ್ಸ್ ಅಂತ ಗುಡ್ಡಗಾಡು ಇದೆ, ಮೇವು ಕಮ್ಮಿ, ಅಲ್ಲಿನ ಜಿಂಕೆ ಸಣ್ಣವು. ಪೂರ್ವಕ್ಕೆ ಜೋಳ, ಸೋಯಾ ಬೆಳೆಯೋ ಬಯಲು, ಜಿಂಕೆ ದಪ್ಪ. ಎರಡೂ ಕಡೆಯ ಮರಿಗಳನ್ನು ತಂದು ಒಂದೇ ಥರ ಒಳ್ಳೆ ಮೇವು ಹಾಕಿ ಸಾಕಿದರು. ಗುಡ್ಡದ ಮರಿಗಳು ಹೊಟ್ಟೆ ತುಂಬ ತಿಂದರೂ ಬಯಲಿನವಕ್ಕೆ ಸಮ ಬರಲಿಲ್ಲ, ಮೈಯಲ್ಲೂ ಕೊಂಬಲ್ಲೂ. ಇಷ್ಟಕ್ಕೇ ನಿಲ್ಲಿಸಿದ್ದರೆ "ನೋಡಿ, ತಳಿಯೇ ಹಾಗೆ" ಅಂತ ಬರೆದು ಮುಗಿಸಬಹುದಿತ್ತು. ಅವರು ನಿಲ್ಲಿಸಲಿಲ್ಲ. ಗುಡ್ಡದ ಆ ಹೆಣ್ಣುಗಳು ಒಳ್ಳೆ ಮೇವು ತಿಂದು ಬೆಳೆದು ಮರಿ ಹಾಕಿದವಲ್ಲ, ಆ ಎರಡನೇ ತಲೆಮಾರಿನ ಗಂಡುಗಳನ್ನೂ ಅಳೆದರು. ಅವು ಬಯಲಿನವುಗಳ ಮಟ್ಟಕ್ಕೆ ಬಂದುಬಿಟ್ಟಿದ್ದವು!

ಅಂದರೆ ಮಗನ ಬೆಳವಣಿಗೆಯಲ್ಲಿ ನಾವು ಓದ್ತಾ ಇದ್ದದ್ದು ಅಮ್ಮನ ಕಥೆ. ಬಸಿರಲ್ಲಿ ಅವಳು ಏನು ತಿಂದಳು, ಹಾಲು ಎಷ್ಟು ಬಂತು, ಅವಳು ಹುಟ್ಟಿದಾಗ ಅವಳ ಅಮ್ಮನ ಹೊಟ್ಟೆ ತುಂಬಿತ್ತಾ, ಇದೆಲ್ಲ. ವಂಶದ ಪಾಲು ಇಲ್ಲವೇ ಇಲ್ಲ ಅಂತಲ್ಲ. ಆದರೆ ಒಂದು ಮೊಳೆಗೊಂಬು ನೋಡಿ ಇದು ವಂಶ, ಇದು ಮೇವು ಅಂತ ಬೇರ್ಪಡಿಸೋಕೆ ಯಾರಿಂದಲೂ ಆಗೋದಿಲ್ಲ. ಮೊದಲ ಕೊಂಬಿನಲ್ಲಂತೂ ಅಮ್ಮನ ಪಾಲೇ ದೊಡ್ಡದು ಅನ್ನೋದು ನನ್ನ ಅಭಿಪ್ರಾಯ.

ಈಗ ಇದನ್ನು ದಹಿಸರ್‌ಗೆ ತರೋಣ. ಬಿಳಿಬಾಲದ ಜಿಂಕೆಗೆ ಚಳಿಗಾಲದ ಭಯ, ಹಾಗಾಗಿ ಎಲ್ಲವೂ ಒಟ್ಟಿಗೆ ಕೊಂಬು ಬೆಳೆಸಿ ಒಟ್ಟಿಗೆ ಉದುರಿಸ್ತಾವೆ. ನಮ್ಮ ಚುಕ್ಕೆ ಜಿಂಕೆಗೆ ಆ ಶಿಸ್ತಿಲ್ಲ. ಒಂದೇ ಹಿಂಡಿನಲ್ಲಿ ಒಬ್ಬನಿಗೆ ಗಟ್ಟಿ ಕೊಂಬು, ಒಬ್ಬನಿಗೆ ಮಖಮಲ್ಲು, ಒಬ್ಬ ಬೋಳು. ವರ್ಷದ ಯಾವ ತಿಂಗಳಲ್ಲಿ ಹೋದರೂ ಮರಿ ಸಿಗಬಹುದು. 1932ರಲ್ಲಿ ಟೆಕ್ಸಾಸ್‌ಗೆ ಇದೇ ಚುಕ್ಕೆ ಜಿಂಕೆಯನ್ನು ಒಯ್ದರು, ಈಗ ಅಲ್ಲಿ ಬಯಲಲ್ಲೇ ಬೆಳೆದಿವೆ. ಇಷ್ಟು ತಲೆಮಾರು ಆದರೂ ಅಲ್ಲಿನ ಸೀಸನ್‌ಗೆ ಪೂರ್ತಿ ಹೊಂದಿಕೊಂಡಿಲ್ಲ, ವರ್ಷವಿಡೀ ಮಖಮಲ್ಲಿನ ಗಂಡು ಕಾಣುತ್ತೆ. ವಲಸೆ ಹೋದವರು ಊರಿನ ಪಂಚಾಂಗ ಬಿಡೋದಿಲ್ಲ ಅನ್ನೋದಕ್ಕೆ ಆಸ್ಟಿನ್‌ನವರೇ ಸಾಕ್ಷಿ.

ಆದರೂ ಒಂದು ಏರಿಳಿತ ಇದೆ. ಜಾರ್ಜ್ ಷಾಲರ್ 1960ರ ದಶಕದಲ್ಲಿ ಕಾನ್ಹಾದಲ್ಲಿ ನೋಡಿ ಬರೆದ ಹಾಗೆ, ಮಧ್ಯ ಭಾರತದಲ್ಲಿ ಹೆಚ್ಚು ಗಂಡುಗಳ ಕೊಂಬು ಗಟ್ಟಿ ಇರೋದು, ಬೆದೆ ಜೋರಾಗಿರೋದು ಬೇಸಿಗೆಯ ಕೊನೆಗೆ. ಲೆಕ್ಕ ಹಾಕಿ. ಮೇ-ಜೂನ್‌ನಲ್ಲಿ ಕೂಡಿದರೆ, ಏಳೂವರೆ ತಿಂಗಳ ಗರ್ಭ, ಜನವರಿ ಹೊತ್ತಿಗೆ ಮರಿ. ಅಮ್ಮ ಬಸಿರಿದ್ದದ್ದು ಮಳೆಗಾಲದ ಹಸಿರಲ್ಲಿ, ಒಳ್ಳೇದೇ. ಆದರೆ ಹಾಲು ಕೊಡೋದು ಫೆಬ್ರವರಿ, ಮಾರ್ಚ್, ಏಪ್ರಿಲ್. ಮುಂಬೈನ ಕಾಡು ಆಗ ಹೇಗಿರುತ್ತೆ ಗೊತ್ತಲ್ಲ? ಹುಲ್ಲು ಒಣಗಿ ಹಳದಿ, ತೇಗದ ಎಲೆ ಕಾಲಡಿ ಹಪ್ಪಳ. ಆಗ ಜಿಂಕೆಗಳು ಮುಸುವಗಳ ಮರದ ಕೆಳಗೆ ಕಾಯ್ತಾವೆ, ಮೇಲಿಂದ ಬಿದ್ದ ಚಿಗುರು, ಹೂವು, ಕಾಯಿ ತಿನ್ನೋಕೆ. ಹಾಲೂಡುವ ಹೆಣ್ಣಿಗೆ ಬಸಿರಿಗಿಂತ ಹೆಚ್ಚು ಮೇವು ಬೇಕು, ಅದು ಸಿಗೋದು ವರ್ಷದ ಅತಿ ಬಡ ತಿಂಗಳುಗಳಲ್ಲಿ. ಆ ಬೇಸಿಗೆಯಲ್ಲಿ ಯಾರೋ ಸೇದಿ ಎಸೆದ ಬೀಡಿಯಿಂದ ಒಂದು ಇಳಿಜಾರಿನ ಹುಲ್ಲು ಸುಟ್ಟುಹೋದರೆ ಅದರ ಲೆಕ್ಕ ಯಾವ ರಿಜಿಸ್ಟರ್‌ನಲ್ಲೂ ಇರೋದಿಲ್ಲ. ಮುಂದಿನ ವರ್ಷ ಒಂದು ಮರಿಯ ಹಣೆಯ ಮೇಲೆ ಇರಬಹುದು.

ಎರಡು ವರ್ಷದ ಹಿಂದೆ ನಮ್ಮ ಬಿಲ್ಡಿಂಗ್‌ನ ಒಬ್ಬ ಹುಡುಗ, ಹತ್ತನೇ ಕ್ಲಾಸು, ಮಳೆಗಾಲದಲ್ಲಿ ಗೆಳೆಯರ ಜೊತೆ ಕಾಡಿನ ಅಂಚಿಗೆ ಹೋಗಿ ಬ್ಯಾಗಿನಲ್ಲಿ ಒಂದು ಕೊಂಬು ಹಾಕಿಕೊಂಡು ಬಂದ. ಅವರ ಅಪ್ಪ ಕುಂದಾಪುರದ ಕಡೆಯವರು, ಹೋಟೆಲ್ ಇದೆ. ನನಗೆ ಇಂಥದ್ದರ ಹುಚ್ಚು ಅಂತ ಗೊತ್ತಿದ್ದರಿಂದ ಕರೆದು ತೋರಿಸಿದರು. ಗೇಣುದ್ದವೂ ಇಲ್ಲ, ಒಂದೇ ಕಡ್ಡಿ. ಬುಡದಲ್ಲಿ ದೊಡ್ಡ ಜಿಂಕೆಯ ಕೊಂಬಿಗೆ ಒರಟು ಬಳೆಯಂಥ ಅಂಚು ಇರುತ್ತೆ, ಇದರಲ್ಲಿ ಅದು ಹೆಸರಿಗೂ ಇಲ್ಲ. ಮೊದಲ ಕೊಂಬು ಅನ್ನೋದಕ್ಕೆ ಅದೇ ಗುರುತು.

"ಎಂತ ಮಾರಾಯ್ರೆ, ಇಷ್ಟು ಸಪೂರ? ಸೀಕಿನ ಜಿಂಕೆ ಇರ್ಬೇಕು," ಅಂದರು ಅವರು.

"ಸೀಕಲ್ಲ ಶೆಟ್ರೆ, ಚಿಕ್ಕವನು. ಇವನ ವಯಸ್ಸಿನವನೇ," ಅಂತ ಹುಡುಗನ ಕಡೆ ತೋರಿಸಿದೆ. ಆಮೇಲೆ ಇದನ್ನು ಮನೇಲಿ ಇಡೋ ಹಾಗಿಲ್ಲ ಅಂತ ಹೇಳಬೇಕಾಯ್ತು.

"ಕೊಂದದ್ದಲ್ವಲ್ಲ, ಬಿದ್ದದ್ದು. ಅದಕ್ಕೂ ಕೇಸಾ?"

ಹೌದು, ಅದಕ್ಕೂ ಕೇಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡಿನಿಂದ ತಂದ ಕೊಂಬು, ತಾನಾಗೇ ಬಿದ್ದದ್ದಾದರೂ, ಸರ್ಕಾರದ ಆಸ್ತಿ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಹುಲಿ ಉಗುರಿನ ಲಾಕೆಟ್ ಗಲಾಟೆ ಆದಾಗ ಊರಲ್ಲಿ ಎಷ್ಟು ಮನೆಗಳ ಗೋಡೆ ರಾತ್ರೋರಾತ್ರಿ ಖಾಲಿಯಾಯ್ತು ಅಂತ ನಿಮ್ಮ ಅಜ್ಜಿಮನೆಗೆ ಫೋನ್ ಮಾಡಿ ಕೇಳಿ. ಇನ್ನೊಂದು ಕಾರಣವೂ ಹೇಳಿದೆ. ಬಿದ್ದ ಕೊಂಬು ಕಾಡಿನಲ್ಲಿ ವ್ಯರ್ಥ ಆಗೋದಿಲ್ಲ. ಮುಳ್ಳುಹಂದಿ ಕಡಿಯುತ್ತೆ, ಜಿಂಕೆಗಳೂ ಕಡೀತಾವೆ, ಸುಣ್ಣ, ರಂಜಕ ಸಿಗುತ್ತೆ ಅಂತ. ಮೂಳೆ ಕಟ್ಟಬೇಕಾದ ಬಸುರಿ ಹೆಣ್ಣಿಗೆ ಅದು ಟಾನಿಕ್. ಶೆಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಮ್ಮನ ಸಾಮಾನು ಅಮ್ಮನಿಗೇ ವಾಪಸ್ ಅನ್ನಿ" ಅಂದರು. ಮರುದಿನ ಮೂವರೂ ಹೋಗಿ ಅರಣ್ಯ ಇಲಾಖೆಯವರ ಕೈಗೆ ಕೊಟ್ಟು ಬಂದೆವು. ಹುಡುಗನಿಗೆ ಬೇಜಾರಾಯ್ತು, ಫೋಟೋ ಇಟ್ಟುಕೊಂಡಿದ್ದಾನೆ.

ಕೊಂಬು ತರುವವರು ಅಪರೂಪ. ಬಿಸ್ಕೆಟ್ ಹಾಕುವವರು ಬಹಳ. ಕಾಡಿನ ಅಂಚಿನ ಕಡೆ ಜಾಲಿಯ ಸಂದಿಯಿಂದ ಚಪಾತಿ, ಬ್ರೆಡ್, ಗ್ಲೂಕೋಸ್ ಬಿಸ್ಕೆಟ್ ತೂರಿಸ್ತಾರೆ, ಕೆಲವರು ಕವರ್ ಸಮೇತ. ಪುಣ್ಯ ಅಂತಲೇ ಮಾಡೋದು, ಕೆಟ್ಟ ಮನಸ್ಸೇನಲ್ಲ. ಜಿಂಕೆ ಮೆಲುಕು ಹಾಕುವ ಪ್ರಾಣಿ, ಅದರ ಹೊಟ್ಟೆಯಲ್ಲಿ ಹುಲ್ಲು, ಸೊಪ್ಪು ಕರಗಿಸೋಕೆ ಸೂಕ್ಷ್ಮಜೀವಿಗಳ ಒಂದು ಊರೇ ಇದೆ. ಒಮ್ಮೆಗೇ ಹಿಟ್ಟು, ಸಕ್ಕರೆ ಬಿದ್ದರೆ ಅಲ್ಲಿ ಆಮ್ಲ ಏರಿ ಆ ಊರೇ ಕೆಡುತ್ತೆ, ಪ್ರಾಣಿ ಸಾಯಲೂಬಹುದು. ಮೈದಾದಲ್ಲಿ ಮೂಳೆ ಕಟ್ಟೋ ಸರಕೂ ಇಲ್ಲ. ಇನ್ನೂ ಒಂದು: ಮಖಮಲ್ಲಿನಲ್ಲಿರೋ ಮರಿ ಬಿಸ್ಕೆಟ್ ಆಸೆಗೆ ಕಬ್ಬಿಣದ ಜಾಲಿಗೆ ತಲೆ ಒತ್ತುತ್ತೆ. ಆ ತುದಿ ಎಷ್ಟು ಮೃದು ಅಂತ ಆಗಲೇ ಹೇಳಿದೆ. ಅಲ್ಲಿ ಪೆಟ್ಟು ಬಿದ್ದರೆ ಕೊಂಬು ಸೊಟ್ಟ ಬೆಳೆಯುತ್ತೆ. ಕೊಂಬಿಗೆ ಬಿದ್ದ ಪೆಟ್ಟು ಕೊಂಬಿನ ಜೊತೆ ಉದುರಿ ಹೋಗಬಹುದು, ಬುಡಕ್ಕೇ ಪೆಟ್ಟಾದರೆ ಸೊಟ್ಟ ಮುಂದಿನ ವರ್ಷಗಳಿಗೂ ಬರಬಹುದು. ಯಾಕೆಂದರೆ ಕೊಂಬು ಬಾಡಿಗೆಯದು, ಬುಡ ಸ್ವಂತದ್ದು.

ಕೊನೆಗೆ, ನೋಡೋಕೆ ಹೋಗುವವರಿಗೆ ಒಂದೆರಡು ವಿಷಯ. ಕೊಂಬಿನ ಕವಲು ಎಣಿಸಿ ವಯಸ್ಸು ಹೇಳೋ ಗೈಡ್‌ಗಳನ್ನು ನಂಬಬೇಡಿ. ಚುಕ್ಕೆ ಜಿಂಕೆಗೆ ಸಾಮಾನ್ಯವಾಗಿ ಬರೋದು ಒಂದು ಕೊಂಬಿಗೆ ಮೂರೇ ತುದಿ, ಹಣೆಯ ಹತ್ತಿರ ಒಂದು, ಮೇಲೆ ಎರಡು. ನಾಲ್ಕು ವರ್ಷದವನಿಗೂ ಮೂರು, ಎಂಟು ವರ್ಷದವನಿಗೂ ಮೂರು. ಮೊಳೆಗೊಂಬಿನವನು ಕಂಡರೆ ಅವನನ್ನೇ ನೋಡ್ತಾ ನಿಲ್ಲಬೇಡಿ, ಸುತ್ತ ಇರೋ ಹೆಣ್ಣುಗಳನ್ನು ನೋಡಿ. ಪಕ್ಕೆಲುಬು ಎಣಿಸೋ ಹಾಗಿದೆಯಾ, ಸೊಂಟದ ಮೂಳೆ ಎದ್ದಿದೆಯಾ, ಮೈ ತುಂಬಿದೆಯಾ. ಫೋನಿನಲ್ಲಿ ತಿಂಗಳು, ಮಖಮಲ್ಲೋ ಗಟ್ಟಿಯೋ, ಕಿವಿಗಿಂತ ಉದ್ದವೋ ಗಿಡ್ಡವೋ ಅಂತ ಮೂರು ಕಾಲಂ ಬರೆದಿಡಿ. ನಾನು ದಹಿಸರ್ ಕಡೆಯದನ್ನು ಬರೀತಾ ಇದ್ದೀನಿ. ನಾಗರಹೊಳೆ, ಬಂಡೀಪುರಕ್ಕೆ ರಜೆಗೆ ಹೋಗುವವರು ಬರೆದು ಕಳಿಸಿದರೆ ಪಕ್ಕದಲ್ಲಿಟ್ಟು ನೋಡಬಹುದು. ಟೆಕ್ಸಾಸ್‌ನವರೂ ಕಳಿಸಿ, ನಿಮ್ಮ ಕಡೆಯದು ನಮ್ಮವನೇ.

ನಾನು ಇಲ್ಲಿಗೆ ನಿಲ್ಲಿಸ್ತೀನಿ. ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ, ಹೆಣ್ಣಿಗೂ ಕೊಂಬು ಬರೋ ಜಿಂಕೆ ಇದೆಯಾ ಅಂತ. ಇದೆ, ಹಿಮಪ್ರದೇಶದ ರೇನ್‌ಡಿಯರ್. ಅಲ್ಲಿ ಹೋರಿಗಳು ಚಳಿಗಾಲದ ಶುರುವಿಗೇ ಕೊಂಬು ಕಳಚಿಕೊಳ್ತಾವೆ, ಬಸುರಿಯರು ವಸಂತದಲ್ಲಿ ಮರಿ ಹಾಕೋವರೆಗೂ ಇಟ್ಟುಕೊಂಡಿರ್ತಾರೆ, ಹಿಮದಡಿಯ ಮೇವಿನ ಹತ್ತಿರ ಬೇರೆಯವರು ಬಂದರೆ ಓಡಿಸೋಕೆ. ಮುಂದಿನ ಪ್ರಶ್ನೆ ಯಾರದ್ದು?